ಪಟಾಕಿ ಸದ್ದಿಗೆ ನಾಯಿ ಮಂಚದಡಿ ಸೇರುವುದೇಕೆ

ಭೂಮಿ ಆಗಿನ್ನೂ ಹಸಿ ಮಡಕೆ. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಯಾವ ಕಡೆ ಹರಿಯಬೇಕು ಅಂತ ಹೊಳೆಗೇ ಸರಿಯಾಗಿ ಗೊತ್ತಿರಲಿಲ್ಲ. ಗಾಳಿ ಮಾತಾಡುತ್ತಿತ್ತು, ಮರ ಮಾತಾಡುತ್ತಿತ್ತು. ನಾಯಿಯಂತೂ ಮಾತಿಗೆ ಕೂತರೆ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆ ಕಾಲದಲ್ಲಿ ಬಿದಿರುಮೆಳೆಯ ಪಕ್ಕ ಒಂದು ಹಟ್ಟಿ. ಆ ಹಟ್ಟಿಯಲ್ಲಿ ಕೇತವ್ವ ಅಂತ ಒಬ್ಬಳು. ಅವಳಿಗೆ ಹೂವಿ ಅನ್ನುವ ಎಳೆಗೂಸು, ಬೂದ ಅನ್ನುವ ನಾಯಿ. ಅಷ್ಟೇ ಸಂಸಾರ. ಗಂಡ ಸಿದ್ದನನ್ನು ಹಿಂದಿನ ವರ್ಷ ಗುಮ್ಮ ಹೊತ್ತುಕೊಂಡು ಹೋಗಿತ್ತು.

ಗುಮ್ಮ ಹೇಗಿರುತ್ತೆ ಅಂತ ಈಗಲೇ ಕೇಳಬೇಡ. ನೋಡಿದವರು ಯಾರೂ ಹೇಳುವುದಕ್ಕೆ ಉಳಿದಿರಲಿಲ್ಲ. ಮಳೆಗಾಲ ಕಳೆದ ಮೇಲೆ ಬರುವ ದೊಡ್ಡ ಅಮಾವಾಸ್ಯೆಯ ಸಂಜೆ ಅದು ಬೆಟ್ಟ ಇಳಿಯುತ್ತಿತ್ತು. ಬೆಳಗಾಗುವಷ್ಟರಲ್ಲಿ ಹಟ್ಟಿಯಲ್ಲಿ ಯಾರೋ ಒಬ್ಬರು ಇರುತ್ತಿರಲಿಲ್ಲ. ಉಟ್ಟ ಬಟ್ಟೆಯ ಒಂದು ಚೂರೂ ಸಿಗುತ್ತಿರಲಿಲ್ಲ.

ಹಟ್ಟಿಗೆ ಹಿರಿಯ ಅಂದರೆ ಜಡೆಯಜ್ಜ. ಅವನು ಇದಕ್ಕೊಂದು ಉಪಾಯ ಹೇಳಿಕೊಟ್ಟಿದ್ದ. ಎರಡೂ ಕಡೆ ಗೆಣ್ಣಿರುವ ಹಸಿ ಬಿದಿರಿನ ತುಂಡನ್ನು ಬೆಂಕಿಗೆ ಹಾಕಿದರೆ ಢಂ ಅಂತ ಸಿಡಿಯುತ್ತದಲ್ಲ, ಆ ಸದ್ದಿಗೆ ಗುಮ್ಮ ಹೆದರುತ್ತದೆ ಅಂತ. ಅದಕ್ಕೂ ಕಟ್ಟುಪಾಡು. ಬಿದಿರು ಕಡಿದು ತರುವಾಗ ಹಿಂದಿರುಗಿ ನೋಡಬಾರದು. ಬೆಂಕಿಗೆ ಹಾಕುವ ಮುಂಚೆ ಮನೆಮಂದಿಯ ತಲೆ ಸುತ್ತ ನಿವಾಳಿಸಬೇಕು. ಎಲ್ಲಕ್ಕಿಂತ ಕೆಟ್ಟದ್ದು ಬಿದಿರು ಸಿಡಿಯದೆ ಟುಸ್ ಅನ್ನುವುದು. ಟುಸ್ ಅಂದ ಮನೆಯ ಕತೆ ಮುಗಿಯಿತು ಅಂತಲೇ ಲೆಕ್ಕ.

ಪ್ರತಿ ವರ್ಷ ಢಂ ಢಂ ಅನ್ನಿಸಿದರು. ಪ್ರತಿ ವರ್ಷ ಒಬ್ಬರು ಮಾಯವಾದರು. ಹಾಗಾದಾಗ ಜಡೆಯಜ್ಜ ಗಡ್ಡ ನೀವಿಕೊಂಡು, "ಅವರದ್ದು ಯಾವುದೋ ಒಂದು ಟುಸ್ ಅಂದಿರಬೇಕು," ಅನ್ನುತ್ತಿದ್ದ. ಎಲ್ಲರೂ ಹೌದು ಹೌದು ಅನ್ನುತ್ತಿದ್ದರು. ಮುಂದಿನ ವರ್ಷ ಇನ್ನೂ ದಪ್ಪ ಬಿದಿರು ತರುತ್ತಿದ್ದರು.

ಸಿದ್ದ ಹೋದ ವರ್ಷ ಇಡೀ ಹಟ್ಟಿಗೇ ಜೋರಾಗಿ ಸಿಡಿಸಿದ್ದ. ಒಂದೂ ಟುಸ್ ಅಂದಿರಲಿಲ್ಲ, ಕೇತವ್ವ ಪಕ್ಕದಲ್ಲೇ ನಿಂತು ಕೇಳಿದ್ದಳು. ಆದರೆ ಬಂದವರೆಲ್ಲ "ಕೊನೇದು ಟುಸ್ ಅಂತಂತೆ" ಅಂದೂ ಅಂದೂ, ಇರಬಹುದೇನೋ ಅಂತ ಅವಳಿಗೂ ಅನ್ನಿಸತೊಡಗಿತ್ತು. ಹತ್ತು ಜನ ಹೇಳಿದರೆ ನಮ್ಮ ಕಿವಿಯನ್ನು ನಾವೇ ನಂಬುವುದಿಲ್ಲ, ಏನು ಮಾಡುವುದು.

ಈ ಸಲದ ಅಮಾವಾಸ್ಯೆ ಬಂತು. ಕೇತವ್ವನಿಗೆ ಒಂದೇ ಯೋಚನೆ. ಗಂಡ ಹೋದ, ಇನ್ನು ಉಳಿದಿರುವುದು ಈ ಕೂಸು ಒಂದೇ. ಮಧ್ಯಾಹ್ನವೇ ಮೆಳೆಗೆ ಹೋಗಿ, ತೋಳಿನಷ್ಟು ದಪ್ಪದ ತುಂಡು ಕಡಿದು, ಹಿಂದಿರುಗಿ ನೋಡದೆ ತಂದಳು.

ಅಂಗಳಕ್ಕೆ ಬರುವಷ್ಟರಲ್ಲಿ ಬೆಟ್ಟದ ಕಡೆಯಿಂದ ಗಾಳಿ ಏದುಸಿರು ಬಿಡುತ್ತಾ ಓಡಿಬಂತು. ಬೂದನ ಕಿವಿಯ ಹತ್ತಿರ ಏನೋ ಪಿಸಪಿಸ ಅಂದು, ನಿಲ್ಲದೆ ಮೆಳೆಯೊಳಗೆ ನುಗ್ಗಿ ಅಡಗಿತು. ಬೂದನ ಬಾಲ ಕಾಲ ಸಂದಿಗೆ ಹೋಯಿತು.

"ಅವ್ವಾ, ಬಿದಿರು ಬಿಸಾಕು," ಅಂದ ಬೂದ. "ಗಾಳಿ ಅದರ ಮುಖ ಸವರಿಕೊಂಡು ಬಂದಿದೆ. ಅದಕ್ಕೆ ಕಣ್ಣೇ ಇಲ್ಲವಂತೆ."

"ಯಾವುದಕ್ಕೋ?"

"ಗುಮ್ಮಕ್ಕೆ. ಕಣ್ಣಿಲ್ಲ, ಬರೀ ಕಿವಿ. ಮೊರದಗಲ ಕಿವಿ. ಬೆಟ್ಟದ ಮೇಲೆ ಕೂತು ಕೇಳಿಸಿಕೊಳ್ಳುತ್ತಾ ಇದೆಯಂತೆ. ದಾರಿ ಕಾಣದ್ದಕ್ಕೆ ಸದ್ದೇ ದಾರಿ. ನೀವು ಓಡಿಸುತ್ತಿಲ್ಲ ಅವ್ವಾ, ಕರೀತಾ ಇದ್ದೀರಿ."

ಕೇತವ್ವ ಬಿದಿರನ್ನು ಅಲ್ಲೇ ಇಳಿಸಿದಳು. ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಜಡೆಯಜ್ಜನ ಹತ್ತಿರ ಓಡಿದಳು. ಅಜ್ಜ ಬಿದಿರಿನ ತುಂಡುಗಳನ್ನು ರಾಶಿ ಹಾಕಿಕೊಂಡು ಕೂತಿದ್ದ. ಎಲ್ಲ ಕೇಳಿಸಿಕೊಂಡು ನಕ್ಕ.

"ನಾಯಿ ಮಾತು ಕೇಳಿ ಹಟ್ಟಿ ನಡೆಸಬೇಕೇನವ್ವ? ಗಂಡನನ್ನು ಕಳಕೊಂಡೆ. ಕೂಸನ್ನೂ ಕಳಕೊಳ್ಳಬೇಕು ಅಂತಿದ್ದರೆ ಬಿದಿರು ಸಿಡಿಸದೆ ಸುಮ್ಮನೆ ಕೂರು. ನಿನ್ನ ಮನೆ ಸುಮ್ಮನಿದ್ದು ಗುಮ್ಮ ಹಟ್ಟಿ ಹೊಕ್ಕರೆ, ಆ ಪಾಪ ನಿನ್ನ ತಲೆಗೇ."

ಪಾಪ, ಅವಳೇನು ಮಾಡಿಯಾಳು? ಅತ್ತ ದರಿ, ಇತ್ತ ಪುಲಿ. ಮನೆಗೆ ಬಂದು ಕೂಸನ್ನು ಹಳೆ ಸೀರೆಯ ಮೇಲೆ ಮಲಗಿಸಿದಳು. ಹೊತ್ತು ಮುಳುಗುತ್ತಿದ್ದ ಹಾಗೆ ಬಾಗಿಲ ಮುಂದೆ ಬೆಂಕಿ ಹಾಕಿದಳು. ಬೂದ ಸೆರಗು ಕಚ್ಚಿ ಎಳೆದ. ಅವಳು ಅವನನ್ನು ಒದ್ದಳು. ಯಾವತ್ತೂ ಒದ್ದವಳಲ್ಲ, ಅವತ್ತು ಒದ್ದಳು. ಬಿದಿರನ್ನು ಮೂರು ಸುತ್ತು ನಿವಾಳಿಸಿ ಬೆಂಕಿಗೆ ಇಟ್ಟಳು.

ಅಕ್ಕಪಕ್ಕದಲ್ಲಿ ಶುರುವಾಯಿತು. ಢಂ. ಆ ಕಡೆ ಢಂ. ಈ ಕಡೆ ಢಂ ಢಂ. ಕೇತವ್ವ ಕೂಸಿನ ಕಿವಿ ಮುಚ್ಚೋಣ ಅಂತ ಒಳಗೆ ಬಂದರೆ, ಕೂಸು ಮಲಗಿದ್ದ ಜಾಗ ಬರಿದು. ಸೀರೆಯೂ ಇಲ್ಲ.

ಅರಚಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಮಂಚದ ಕೆಳಗಿನಿಂದ ಮಾತು ಕೇಳಿತು. "ಇಲ್ಲಿದ್ದಾಳೆ. ಕೂಗಬೇಡ ಅವ್ವಾ."

ಬೂದ ಸೀರೆಯ ತುದಿ ಕಚ್ಚಿ, ಕೂಸನ್ನು ಬಿದಿರುಮಂಚದ ಕೆಳಗೆ ಎಳೆದುಕೊಂಡಿದ್ದ. ಕೂಸು ನಿದ್ದೆಯಲ್ಲೇ ಇತ್ತು. ಕೇತವ್ವನಿಗೆ ಬೂದನ ಮೇಲೆ ಕೆಂಡದಂಥ ಕೋಪ ಬಂತು. ಕೂಸನ್ನು ಎತ್ತಿಕೊಳ್ಳಲು ಬೋರಲಾಗಿ ತೆವಳಿ ಒಳಗೆ ಹೋದಳು. ಹೋದವಳು ಬಾಗಿಲ ಕಡೆ ನೋಡಿದಳು. ಮತ್ತೆ ಅಲುಗಲಿಲ್ಲ.

ಬೆಂಕಿಯ ಆಚೆ ಎರಡು ಕಾಲು ನಿಂತಿದ್ದವು. ನಡೆದು ಬಂದ ಸಪ್ಪಳವೇ ಇಲ್ಲ. ಅದು ಬಗ್ಗಿತು. ಕಣ್ಣಿರಬೇಕಾದ ಜಾಗವೆಲ್ಲ ಸೋರೆಬುರುಡೆಯ ಹಾಗೆ ನುಣ್ಣಗಿತ್ತು. ಮೊರದಗಲದ ಕಿವಿಗಳು ಮಾತ್ರ ಮೆಲ್ಲಗೆ ಆ ಕಡೆ ಈ ಕಡೆ ತಿರುಗುತ್ತಿದ್ದವು.

ಬೂದ ಹೇಳಿದ್ದು ನಿಜ. ಸಿದ್ದ ಕರೆದಿದ್ದ, ಅದು ಬಂದಿತ್ತು. ಈಗ ತಾನೂ ಕರೆಯಲಿದ್ದೇನೆ ಅಂತ ಕೇತವ್ವನಿಗೆ ಆಗ ಹೊಳೆಯಿತು. ಬೆಂಕಿಯಲ್ಲಿ ಬಿದಿರು ಸುಂಯ್ ಅನ್ನತೊಡಗಿತ್ತು. ಇನ್ನೇನು ಸಿಡಿಯಬೇಕು. ಒಂದು ಕಿವಿ ಆ ಕಡೆಗೇ ತಿರುಗಿತು.

ಇತ್ತ ಕೂಸು ಕಣ್ಣು ಬಿಟ್ಟಿತು. ತುಟಿ ಸೊಟ್ಟ ಮಾಡಿತು. ಅಳುವ ಮುಂಚೆ ಮಕ್ಕಳು ಮಾಡುತ್ತವಲ್ಲ, ಹಾಗೆ. ಕೇತವ್ವ ಅದನ್ನು ಎದೆಗೆ ಒತ್ತಿಕೊಂಡು ಮೊಲೆಯುಣಿಸಿದಳು. ಬೆಂಕಿಯ ಕಡೆ ಹೋಗುವಂತಿಲ್ಲ, ಕೂಸನ್ನು ಬಿಡುವಂತಿಲ್ಲ.

ಬೂದ ಒಮ್ಮೆ ಅವಳ ಮುಖ ನೋಡಿದ. ಹೊಟ್ಟೆಯನ್ನು ನೆಲಕ್ಕೆ ಉಜ್ಜಿಕೊಂಡು, ಉಗುರಿನ ಸದ್ದೂ ಆಗದ ಹಾಗೆ ಹೊರಟ. ಗುಮ್ಮದ ಕಾಲ ಪಕ್ಕದಲ್ಲೇ ಬೆಂಕಿಗೆ ಬಾಯಿ ಹಾಕಿದ. ನಿಗಿನಿಗಿ ಉರಿಯುತ್ತಿದ್ದ ಬಿದಿರನ್ನು ಕಚ್ಚಿ ಎತ್ತಿದ. ತುಟಿ ಸುಟ್ಟಿತು, ನಾಲಿಗೆ ಬೆಂದಿತು. ಕುಯ್ಯೋ ಅನ್ನಲಿಲ್ಲ. ಬಾಗಿಲ ಪಕ್ಕದ ಕಲಗಚ್ಚಿನ ಬಾನಿಯ ತನಕ ಹೋಗಿ, ಬಿದಿರನ್ನು ಅದರಲ್ಲಿ ಮೆಲ್ಲಗೆ ಮುಳುಗಿಸಿದ.

ಟುಸ್.

ಗುಮ್ಮ ಕಿವಿ ನಿಗುರಿಸಿ ನಿಂತಿತು. ಕೇತವ್ವ ಉಸಿರು ಬಿಡಲಿಲ್ಲ. ಅಷ್ಟರಲ್ಲಿ ಆ ತುದಿಯಲ್ಲಿ, ಜಡೆಯಜ್ಜನ ಬಾಗಿಲಲ್ಲಿ, ಢಂ. ಮತ್ತೆ ಢಂ. ಎರಡೂ ಕಿವಿ ಅತ್ತ ತಿರುಗಿದವು. ಕಾಲುಗಳು ಬೆಂಕಿಯ ಬೆಳಕಿನಿಂದ ಆಚೆ ಹೋದವು.

ಇನ್ನೂ ಒಂದು ಢಂ ಕೇಳಿಸಿತು. ಆಮೇಲೆ ಜಡೆಯಜ್ಜನ ಮನೆಯ ಕಡೆಯಿಂದ ಏನೂ ಕೇಳಿಸಲಿಲ್ಲ.

ಬೆಳಗ್ಗೆ ಹಟ್ಟಿಯವರೆಲ್ಲ ಅಜ್ಜನ ಅಂಗಳದಲ್ಲಿ ಸೇರಿದರು. ಕೇತವ್ವ ಕಂಡದ್ದನ್ನೆಲ್ಲ ಹೇಳಿದಳು, ಕೈಮುಗಿದು ಹೇಳಿದಳು. ಕಲಗಚ್ಚಿನಲ್ಲಿ ನೆನೆದ ಬಿದಿರನ್ನು ನೋಡಿ ಅವರೆಲ್ಲ ಮುಖ ಮುಖ ನೋಡಿಕೊಂಡರು.

"ಅಲ್ಲಿಗೆ ಸರಿಯಾಯಿತು," ಅಂದಳು ಅಜ್ಜನ ಸೊಸೆ. "ನಿನ್ನ ಮನೆಯದು ಟುಸ್ ಅಂತು. ಅದಕ್ಕೇ ಗುಮ್ಮ ಒಳಗೆ ಬಂತು. ನಮ್ಮ ಮಾವನನ್ನು ತಿಂದವಳು ನೀನೇ."

"ನನ್ನ ಮಾತು ಬೇಡ, ಬೂದನನ್ನು ಕೇಳಿ," ಅಂದಳು ಕೇತವ್ವ ಅಳುತ್ತಾ.

ಬೂದ ಮುಂದೆ ಬಂದ. ಮೂಗು ತುಟಿ ಎಲ್ಲ ಸುಟ್ಟು ಕರ್ರಗಾಗಿತ್ತು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬಾಯಿ ತೆರೆದ. ಬೌ ಅಂತು. ಇನ್ನೊಮ್ಮೆ ತೆರೆದ. ಬೌ ಬೌ. ಬೆಂದ ನಾಲಿಗೆಗೆ ಮಾತು ಹೊರಳಲಿಲ್ಲ.

ಹಟ್ಟಿಯವರು, "ನಾಯಿ ಬೊಗಳಿದರೆ ದೇವಲೋಕ ಹಾಳಾಗುತ್ತದೆಯೇ?" ಅಂತ ನಕ್ಕು ಎದ್ದುಹೋದರು. ಮುಂದಿನ ವರ್ಷಕ್ಕೆ ತೊಡೆಯಷ್ಟು ದಪ್ಪದ ಬಿದಿರು ಹುಡುಕಿದರು. ಕೇತವ್ವ ಮಾತ್ರ ಮತ್ತೆಂದೂ ಸಿಡಿಸಲಿಲ್ಲ. ಪ್ರತಿ ದೊಡ್ಡ ಅಮಾವಾಸ್ಯೆಗೂ ಕೂಸನ್ನು ಅವುಚಿಕೊಂಡು ಬೂದನ ಜೊತೆ ಮಂಚದ ಕೆಳಗೆ ಸೇರುತ್ತಿದ್ದಳು. ಹೂವಿ ಬೆಳೆದಳು, ಮದುವೆಯಾದಳು, ಮೊಮ್ಮಕ್ಕಳನ್ನು ಕಂಡಳು.

ಬಿದಿರು ಹೋಗಿ ಪಟಾಕಿ ಬಂತು. ಸದ್ದಿಗೆ ಪೀಡೆ ಪಿಶಾಚಿ ಓಡುತ್ತವೆ ಅಂತ ಜನ ಇವತ್ತಿಗೂ ಅನ್ನುತ್ತಾರೆ. ನಾಯಿಯ ಮೂಗು ತುಟಿ ಇವತ್ತಿಗೂ ಕಪ್ಪು, ಅದಕ್ಕೆ ಮಾತಿಲ್ಲ. ದೀಪಾವಳಿಯ ಮೊದಲ ಢಂ ಕೇಳುತ್ತಿದ್ದ ಹಾಗೆ ಅದು ಮಂಚದಡಿ ನುಗ್ಗುತ್ತದಲ್ಲ, ಸದ್ದಿಗೆ ಹೆದರಿ ಅಂತ ನೀನು ನಗುತ್ತೀಯಲ್ಲ, ಈ ಸಲ ಬಗ್ಗಿ ನೋಡು ಮಗಾ: ಅದು ನಡುಗುತ್ತಾ ಬಾಗಿಲನ್ನೇ ನೋಡುತ್ತಿರುತ್ತದೆ, ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ, ನಿನಗೂ ಒಂದಿಷ್ಟು ಜಾಗ ಬಿಟ್ಟಿರುತ್ತದೆ.