ದುಂಡಿ ದಾರಿಯಲ್ಲಿ ಕುಡಿದ ನೀರು

ಭೂಮಿ ಆಗಷ್ಟೇ ಹುಟ್ಟಿದ ಕಾಲ. ಎಷ್ಟು ಹೊಸದು ಅಂದರೆ, ಬೆಟ್ಟಗಳು ಎಲ್ಲಿ ಕೂರಬೇಕು ಅಂತ ಇನ್ನೂ ಜಾಗ ಹುಡುಕುತ್ತಿದ್ದವು. ನದಿಗಳು ದಾರಿ ತಪ್ಪಿ ಒಂದರ ಅಂಗಳಕ್ಕೆ ಇನ್ನೊಂದು ನುಗ್ಗಿ ಬೈಸಿಕೊಳ್ಳುತ್ತಿದ್ದವು. ಗಾಳಿ, ಮರ, ಮೀನು, ಮರಳು ಎಲ್ಲಕ್ಕೂ ಮಾತು ಬರುತ್ತಿತ್ತು. ಸುಮ್ಮನಿರುವುದು ಮಾತ್ರ ಯಾರಿಗೂ ಬರುತ್ತಿರಲಿಲ್ಲ, ಥೇಟ್ ನಿನ್ನ ಹಾಗೇ.

ನಗಬೇಡ, ಹೂಂ ಅನ್ನು. ಹೂಂ ಅನ್ನದಿದ್ದರೆ ಈ ಅಜ್ಜಿ ಕತೆ ನಿಲ್ಲಿಸಿಬಿಡುತ್ತಾಳೆ. ನನಗೇನು ನಷ್ಟ?

ಆಗ ಕಡಲ ದಡದಲ್ಲಿ ಒಂದೇ ಒಂದು ತೆಂಗಿನಮರವಿತ್ತು. ಎಲ್ಲರೂ ಅವಳನ್ನು ತೆಂಗಮ್ಮ ಎಂದು ಕರೆಯುತ್ತಿದ್ದರು. ತೆಂಗಮ್ಮನಿಗೆ ಒಬ್ಬಳೇ ಮಗಳು. ಉರುಟುರುಟಾಗಿ ಇದ್ದಳು, ಅದಕ್ಕೇ ದುಂಡಿ ಅಂತ ಹೆಸರು.

ಆ ಕಾಲದ ತೆಂಗಿನಕಾಯಿ ಈಗಿನ ಹಾಗಲ್ಲ. ಹೊರಗೆ ಹಸಿರು ಸಿಪ್ಪೆ, ಅದರೊಳಗೆ ಚಿಪ್ಪು, ಚಿಪ್ಪಿನೊಳಗೆ ಬಾಯಿಮಟ್ಟ ಸಿಹಿನೀರು. ಅಷ್ಟೇ. ಬಿಳಿ ತಿರುಳು ಅನ್ನುವುದೇ ಇರಲಿಲ್ಲ. ಹಾಗಾದರೆ ಚಟ್ನಿಗೆ ಏನು ಮಾಡುತ್ತಿದ್ದರು ಅಂತ ಕೇಳಬೇಡ. ಚಟ್ನಿ ತಿನ್ನುವವರೇ ಇನ್ನೂ ಹುಟ್ಟಿರಲಿಲ್ಲ.

ಒಂದು ದಿನ ಗಾಳಿ ಏದುಸಿರು ಬಿಡುತ್ತಾ ಬಂತು.

“ತೆಂಗಮ್ಮಾ, ತೆಂಗಮ್ಮಾ! ಕಡಲ ನಡುವೆ ಒಂದು ನಡುಗಡ್ಡೆ ಹುಟ್ಟಿದೆ. ಬರೀ ಮರಳು, ಒಂದು ಹುಲ್ಲುಕಡ್ಡಿ ಇಲ್ಲ. ಅಲೆ ಬಂದಾಗಲೆಲ್ಲ ಒಂದೊಂದು ಹಿಡಿ ಮರಳು ಕಿತ್ತುಕೊಂಡು ಹೋಗ್ತಾ ಇದೆ. ಮಳೆಗಾಲದ ದೊಡ್ಡ ಅಲೆ ಬಂದರೆ ಆ ತಾಯಿ ಪೂರ್ತಿ ಕರಗಿಹೋಗ್ತಾಳೆ. ಯಾರಾದರೂ ಒಂದು ಮರ ಕಳಿಸಿ, ಬೇರು ಹಿಡಿದರೆ ನಾನು ಉಳೀತೀನಿ ಅಂತ ಅಳ್ತಾ ಇದಾಳೆ!”

ತೆಂಗಮ್ಮನ ಗರಿಗಳೆಲ್ಲ ಜೋತುಬಿದ್ದವು. “ನಾನು ಹೇಗೆ ಹೋಗಲಿ? ನನ್ನ ಕಾಲು ನೆಲದೊಳಗಿದೆಯಲ್ಲಪ್ಪಾ.”

“ನಾನು ಹೋಗ್ತೀನಮ್ಮ,” ಅಂದಳು ದುಂಡಿ.

ತೆಂಗಮ್ಮ ಮಗಳನ್ನು ಗರಿಗಳಿಂದ ಬಳಸಿಕೊಂಡಳು. ಇದ್ದವಳು ಒಬ್ಬಳೇ ಮಗಳಲ್ಲವಾ? ಆದರೆ ಕರಗಿಹೋಗುತ್ತಿರುವವಳ ಕೂಗು ಕಿವಿಗೆ ಬಿದ್ದ ಮೇಲೆ ಸುಮ್ಮನೆ ಕೂರುವುದು ಹೇಗೆ? ಕಣ್ಣೊರೆಸಿಕೊಂಡು ಮಗಳನ್ನು ಹೊರಡಿಸಲು ನಿಂತಳು.

“ಹುಷಾರು ಮಗಾ. ನೆತ್ತಿ ಮೇಲಿನ ಸಿಪ್ಪೆ ತೆಗೀಬೇಡ. ಗುರುತಿಲ್ಲದ ಮೀನಿನ ಜೊತೆ ಮಾತಿಗೆ ನಿಲ್ಲಬೇಡ. ಬಂಡೆ ಕಂಡರೆ ಪಕ್ಕಕ್ಕೆ ಸರಿ. ಆಮೇಲೆ ಇನ್ನೊಂದು ಮಾತು. ಹೊಸ ಮನೆಗೆ ಹೋಗ್ತಾ ಇದೀಯ, ಬರಿಗೈಲಿ ಹೋಗಬಾರದು. ಆ ತಾಯಿಯ ಸುತ್ತ ಬರೀ ಉಪ್ಪುನೀರು. ಸಿಹಿನೀರಿನ ರುಚಿಯೇ ಅವಳಿಗೆ ಗೊತ್ತಿಲ್ಲ. ನಿನ್ನ ಹೊಟ್ಟೇಲಿರೋ ನೀರನ್ನ ಅವಳಿಗೆ ಕೊಡು.”

ಇಷ್ಟೆಲ್ಲ ಹೇಳಿದಳು. ಆದರೆ “ದಾರಿಯಲ್ಲಿ ನೀನೂ ಕುಡಿ” ಅನ್ನುವುದೊಂದನ್ನು ಮರೆತಳು. ಕಳಿಸುವ ಗಡಿಬಿಡಿಯಲ್ಲಿ ಅಮ್ಮಂದಿರಿಗೆ ಹೀಗಾಗುತ್ತದೆ. ಅದನ್ನೂ ಹೇಳಿಕೊಡಬೇಕಾ ಅಂತಲೂ ಅವಳಿಗೆ ಅನ್ನಿಸಿರಬಹುದು.

ದುಂಡಿ ದುಡುಮ್ಮನೆ ಕಡಲಿಗೆ ಬಿದ್ದಳು.

“ಓಹೋ! ಎಲ್ಲಿಗೆ ಸವಾರಿ?” ಅಂದ ಕಡಲುಮಾವ.

“ನಡುಗಡ್ಡೆಗೆ, ಮಾವ!”

“ಅಯ್ಯೋ ಗುಬ್ಬಚ್ಚಿ ತಲೆಯವಳೇ, ಅದು ಎಷ್ಟು ದೂರ ಗೊತ್ತಾ?”

“ಗೊತ್ತಿಲ್ಲ. ಹೋದ ಮೇಲೆ ಗೊತ್ತಾಗುತ್ತೆ.”

ಕಡಲುಮಾವನಿಗೆ ನಗು ಬಂತು. ಹೆಗಲ ಮೇಲೆ ಕೂರಿಸಿಕೊಂಡು ಹೊರಟ. ಒಂದು ದಿನ ಹೋದರು, ಎರಡು ದಿನ ಹೋದರು, ಹತ್ತು ದಿನ ಹೋದರು. ಹಿಂದೆ ನೋಡಿದರೂ ನೀರು, ಮುಂದೆ ನೋಡಿದರೂ ನೀರು. ಮೇಲೆ ಸುಡುಸುಡು ಸೂರ್ಯ.

ದುಂಡಿಗೆ ಬಾಯಾರಿತು.

“ಇಷ್ಟೊಂದು ನೀರು ಬಿದ್ದಿದೆಯಲ್ಲೇ, ಕುಡಿ,” ಅಂದ ಕಡಲುಮಾವ ಧಾರಾಳವಾಗಿ. ದುಂಡಿ ಒಂದು ಹನಿ ನೆಕ್ಕಿದಳು. ಥೂ! ಗಂಟಲೆಲ್ಲ ಉರಿ. ಬಾಯಾರಿಕೆ ಕಮ್ಮಿಯಾಗುವ ಬದಲು ಇನ್ನೂ ಜಾಸ್ತಿಯಾಯಿತು. ಕಡಲುಮಾವ ಕೆಟ್ಟವನಲ್ಲ. ಉಪ್ಪು ಅವನ ಹುಟ್ಟುಗುಣ, ಏನು ಮಾಡುತ್ತಾನೆ ಪಾಪ.

ಒಳಗೆ ಸಿಹಿನೀರು ತುಂಬಿತ್ತಲ್ಲ, ಅದನ್ನು ಕುಡಿಯಬಾರದಿತ್ತಾ ಅಂತೀಯಾ? ನಾನೂ ಅದನ್ನೇ ಅನ್ನುವುದು. ಆದರೆ ನಮ್ಮ ದುಂಡಿ ಬಹಳ ಶಿಸ್ತಿನವಳು. “ಇದು ಆ ತಾಯಿಗೆ ಕೊಡೋ ನೀರು. ನಾನು ಬಾಯಿ ಹಾಕಿದರೆ ಎಂಜಲಾಗುತ್ತೆ. ಎಂಜಲು ನೀರನ್ನ ಹೊಸ ಮನೆಗೆ ಒಯ್ಯೋದಾ? ಛೆ, ಛೆ!” ಅಂದುಕೊಂಡು ತುಟಿ ಬಿಗಿದುಕೊಂಡಳು.

ಹನ್ನೊಂದನೇ ದಿನ ಹಸಿರು ಸಿಪ್ಪೆ ಹಳದಿಯಾಯಿತು. ಹದಿನೈದನೇ ದಿನ ಕಂದಾಯಿತು. ಇಪ್ಪತ್ತನೇ ದಿನ ಮೈ ಸೊರಗಿ ನಾರುನಾರಾಯಿತು. ದುಂಡಿಯ ಕಣ್ಣಿನ ಹಿಂದೆ ಸಾಸಿವೆಯಷ್ಟು ಪುಟ್ಟ ಮೊಳಕೆಯೊಂದು ಮಲಗಿತ್ತು. ನಾಳೆ ಮರವಾಗಬೇಕಾದದ್ದು ಅದೇ. ಅದೂ ಬಾಡತೊಡಗಿತು.

ದುಂಡಿಗೆ ಕಣ್ಣು ಕತ್ತಲೆ ಬಂತು. ತಲೆ ಸುತ್ತಿ, ಹೊಟ್ಟೆ ಮೇಲಾಗಿ ತೇಲುತ್ತಾ ಬಿದ್ದುಕೊಂಡಳು. ಆಗ ಒಂದು ಮುದಿ ಕಡಲಾಮೆ ನಿಧಾನಕ್ಕೆ ಈಜುತ್ತಾ ಆ ಕಡೆ ಬಂದಳು.

“ಯಾರೇ ಅದು, ಹಾಡುಹಗಲೇ ಸತ್ತವರ ಹಾಗೆ ತೇಲ್ತಾ ಇರೋದು?”

“ನಾನು ದುಂಡಿ, ದೊಡ್ಡಮ್ಮ. ಬಾಯಾರಿ ಜೀವ ಹೋಗ್ತಾ ಇದೆ.”

ಆಮೆದೊಡ್ಡಮ್ಮ ಕೈಯಿಂದ ಅವಳನ್ನು ತಟ್ಟಿ ನೋಡಿದಳು. “ಮತ್ತೆ ಹೊಟ್ಟೆಯೊಳಗೆ ಇರೋದೇನು?”

“ನೀರು.”

“ಉಪ್ಪುನೀರಾ?”

“ಇಲ್ಲ, ಸಿಹಿನೀರು. ನಡುಗಡ್ಡೆಯ ತಾಯಿಗೆ ಒಯ್ತಾ ಇದೀನಿ. ನಾನು ಕುಡಿದರೆ ಎಂಜಲಾಗಲ್ವಾ?”

ಆಮೆದೊಡ್ಡಮ್ಮನಿಗೆ ಮೊದಲು ನಗು ಬಂತು. ನಕ್ಕು ನಕ್ಕು ಚಿಪ್ಪೆಲ್ಲ ಅಲುಗಾಡಿತು. ಆಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

“ಅಯ್ಯೋ ಪೆದ್ದೀ! ನೀರು ಹೊತ್ತುಕೊಂಡೇ ಬಾಯಾರಿ ಸತ್ತಳು ಅಂತ ಅನ್ನಿಸ್ಕೋಬೇಕಾ ನಿಂಗೆ? ಆ ತಾಯಿ ಕೇಳಿದ್ದು ಏನನ್ನ? ನೀರನ್ನಾ, ಮರವನ್ನಾ?”

“ಮರವನ್ನ.”

“ಮರ ಎಲ್ಲಿದೆ?”

“ನನ್ನ ಕಣ್ಣಿನ ಹಿಂದೆ.”

“ಅದಕ್ಕೆ ನೀರು ಕೊಟ್ಟೆಯಾ?”

“ಇಲ್ಲ,” ಅಂದಳು ದುಂಡಿ.

“ನೀನೇ ದಡ ಸೇರದಿದ್ದರೆ ನೀರೊಂದೇ ನಡ್ಕೊಂಡು ಹೋಗುತ್ತಾ?” ಆಮೆದೊಡ್ಡಮ್ಮನ ದನಿ ಮೆತ್ತಗಾಯಿತು. “ಕೇಳು ಮಗಳೇ. ನಾನು ಈ ಕಡಲಲ್ಲಿ ಓಡಾಡಿ ಬೆನ್ನು ಸವೆಸಿಕೊಂಡವಳು. ಗಟಗಟ ಅಂತ ಒಂದೇ ಸಲ ಮುಗಿಸಬೇಡ. ಗಂಟಲು ಒಣಗಲಿ ಅಂತ ಕಾಯಲೂ ಬೇಡ. ಬೆಳಗ್ಗೆ ಒಂದು ಗುಟುಕು, ಬಿಸಿಲೇರಿದಾಗ ಎರಡು, ಸಂಜೆ ಒಂದು. ಕುಡೀತಾ ಕುಡೀತಾ ದಾರಿ ಸಾಗಬೇಕು.”

ಕೇಳಿಸಿಕೊಂಡೆಯಾ? ಹೂಂ ಅನ್ನು. ಜೋರಾಗಿ ಅನ್ನು.

ದುಂಡಿ ಅತ್ತಳು. ಅಮ್ಮ ತುಂಬಿ ಕೊಟ್ಟ ನೀರು, ಅಂಚಿನವರೆಗೂ ತುಂಬಿದ ನೀರು, ಇನ್ನು ಮೇಲೆ ತುಂಬಿದ್ದು ಆಗಿರುವುದಿಲ್ಲ ಅಂತ ಅತ್ತಳು. ಅಳುತ್ತಲೇ ಬಾಯಿ ತೆರೆದು ಒಂದು ಗುಟುಕು ಕುಡಿದಳು.

ಆಹಾ! ಅದೇನು ತಂಪು, ಅದೇನು ಸಿಹಿ! ಗುಟುಕು ಗಂಟಲಿಳಿದದ್ದೇ ತಡ, ಕಣ್ಣಿನ ಹಿಂದಿನ ಮೊಳಕೆ ಮೈಮುರಿದು ಎದ್ದು ಕೂತಿತು. “ಇನ್ನೊಂದು,” ಅಂತ ಕೇಳಿತು.

“ಬಿಸಿಲೇರಲಿ, ಕೊಡ್ತೀನಿ,” ಅಂದಳು ದುಂಡಿ. ಅವಳಿಗೂ ನಗು ಬಂದಿತ್ತು. ತಲೆಯೆತ್ತಿ ನೋಡಿದರೆ ಆಮೆದೊಡ್ಡಮ್ಮ ಆಗಲೇ ತನ್ನ ಪಾಡಿಗೆ ಅಷ್ಟು ದೂರ ಹೋಗಿಬಿಟ್ಟಿದ್ದಳು.

ಬೆಳಗ್ಗೆ ಒಂದು, ಬಿಸಿಲೇರಿದಾಗ ಎರಡು, ಸಂಜೆ ಒಂದು. ಹಾಗೇ ಕುಡಿಯುತ್ತಾ ಹೊರಟಳು. ಕುಡಿದ ನೀರು ಮೈಗೆ ಹತ್ತಿತು. ಚಿಪ್ಪಿನ ಒಳಗೆ ಮೊದಲು ಹಾಲಿನ ಕೆನೆಯಷ್ಟು ತೆಳ್ಳಗೆ, ಆಮೇಲೆ ದೋಸೆಯಷ್ಟು ದಪ್ಪಗೆ, ಬೆಳ್ಳನೆಯ ತಿರುಳು ಕಟ್ಟಿತು. ನೀರು ಇಳಿದಷ್ಟೂ ದುಂಡಿ ಹಗುರಾದಳು. ಮೊದಲು ಕುತ್ತಿಗೆಮಟ್ಟ ಮುಳುಗಿ ಸಾಗುತ್ತಿದ್ದವಳು ಈಗ ಅಲೆಯ ಮೇಲೇ ಕುಪ್ಪಳಿಸತೊಡಗಿದಳು. ಕುಪ್ಪಳಿಸಿದಾಗಲೆಲ್ಲ ಒಳಗಿನ ನೀರೂ ಗುಳುಕ್ ಗುಳುಕ್ ಎಂದು ಕುಪ್ಪಳಿಸಿತು.

“ಏನೇ ಇದು, ಹೊಟ್ಟೆಯಲ್ಲಿ ಡೋಲು ಇಟ್ಕೊಂಡಿದೀಯಾ?” ಅಂದ ಕಡಲುಮಾವ.

“ಹೌದು ಮಾವ, ಮೆರವಣಿಗೆ ಹೊರಟಿದೆ. ದಾರಿ ಬಿಡು!”

ಐವತ್ತನೇ ದಿನ ನಡುಗಡ್ಡೆ ಕಣ್ಣಿಗೆ ಬಿತ್ತು. ಆದರೆ ಏನು ನೋಡುವುದು! ಸವೆದು ಸವೆದು ಭತ್ತ ಒಕ್ಕುವ ಕಣದಷ್ಟೇ ಉಳಿದಿತ್ತು. ಪಡುವಣ ದಿಕ್ಕಿನಲ್ಲಿ ಮಳೆಗಾಲದ ಮೊದಲ ಮೋಡ ಏಳುತ್ತಿತ್ತು. ನಡುಗಡ್ಡೆಯ ಸುತ್ತ ಅಲೆಗಳು ಗೋಡೆಯ ಹಾಗೆ ಎದ್ದು ಧಡಾರನೆ ಬೀಳುತ್ತಿದ್ದವು.

“ಇಲ್ಲಿಂದ ಮುಂದೆ ನನ್ನ ಅಲೆಗಳು ನನ್ನ ಮಾತೂ ಕೇಳಲ್ಲ ಮಗಳೇ,” ಅಂದ ಕಡಲುಮಾವ. “ಮಳೆ ವಾಸನೆ ಬಡಿದರೆ ಅವಕ್ಕೆ ಹುಚ್ಚು. ಭಾರ ಇದ್ದವರನ್ನ ತಳಕ್ಕೆ ಎಳೆದುಬಿಡ್ತವೆ.”

ಮೊದಲ ಅಲೆ ಬಂತು. ದುಂಡಿಯನ್ನು ಹಿಡಿದು ಕೆಳಕ್ಕೆ ಒತ್ತಿತು. ಕೈ ಬಿಟ್ಟಿದ್ದೇ ತಡ, ದುಂಡಿ ಪುಟಕ್ಕನೆ ಮೇಲೆ ಬಂದಳು. ಎರಡನೇ ಅಲೆ ಇನ್ನೂ ಆಳಕ್ಕೆ ಒತ್ತಿತು. ಮತ್ತೆ ಪುಟಕ್ಕನೆ ಮೇಲೆ! ಬಾಯಿಮಟ್ಟ ನೀರು ಹೊತ್ತಿದ್ದಿದ್ದರೆ ಅಲ್ಲೇ ಕತೆ ಮುಗಿಯುತ್ತಿತ್ತು. ಕುಡಿದು ಖಾಲಿಯಾದ ಜಾಗವೇ ಅವಳನ್ನು ಮೇಲಕ್ಕೆ ತಂದಿತು.

ಮೂರನೆಯದು ಎಲ್ಲಕ್ಕಿಂತ ದೊಡ್ಡ ಅಲೆ. ದುಂಡಿ ಅದಕ್ಕೆ ಹೆದರಲಿಲ್ಲ. ಅದರ ನೆತ್ತಿ ಹತ್ತಿ ಕೂತಳು. “ನಡೀ!” ಅಂತ ಕೂಗಿದಳು. ಅಲೆ ಗರ್ಜಿಸುತ್ತಾ ಎದ್ದು, ನೆತ್ತಿಯ ಮೇಲಿದ್ದವಳನ್ನು ಎತ್ತಿ ಒಗೆಯಿತು. ದುಂಡಿ ಆಕಾಶದಲ್ಲಿ ಪಲ್ಟಿ ಹೊಡೆದು, ನಡುಗಡ್ಡೆಯ ನಟ್ಟನಡುವೆ ಬಂದು ಬಿದ್ದಳು.

“ಗೆದ್ದಳು! ಗೆದ್ದಳು!” ಅಂತ ಗಾಳಿ ಶಿಳ್ಳೆ ಹಾಕಿತು. ಮೀನುಗಳು ನೀರಿಂದ ಹಾರಿ ಹಾರಿ ನೋಡಿದವು. ಕಡಲುಮಾವ ಕೂಡ “ಭಲೇ!” ಅಂದ.

ನಡುಗಡ್ಡೆಯ ತಾಯಿಗೆ ನಂಬಲಿಕ್ಕೇ ಆಗಲಿಲ್ಲ. “ಬಂದೆಯಾ ಮಗಳೇ? ಅಷ್ಟು ದೂರದಿಂದ ಬಂದೆಯಾ?”

ದುಂಡಿ ತಲೆ ತಗ್ಗಿಸಿದಳು. ಗೆದ್ದ ಖುಷಿಯೆಲ್ಲ ಒಂದು ಗಳಿಗೆಗೆ ಇಳಿದುಹೋಯಿತು. “ಅಮ್ಮಾ, ನಿಮಗೆ ಅಂತ ಬಾಯಿಮಟ್ಟ ನೀರು ತಂದಿದ್ದೆ. ದಾರಿಯಲ್ಲಿ ಬಾಯಾರಿತು, ಕುಡಿದುಬಿಟ್ಟೆ. ಈಗ ಅರ್ಧ ಉಳಿದಿದೆ. ಅದೂ ಎಂಜಲು.”

“ಹುಚ್ಚೀ!” ಅಂದಳು ಆ ತಾಯಿ. ಅವಳ ಮರಳೆಲ್ಲ ಬೆಚ್ಚಗಾಯಿತು. “ಮಗು ಕುಡಿದು ಬಿಟ್ಟ ನೀರು ಅಮ್ಮನಿಗೆ ಎಂಜಲಾ? ತುಂಬಿದ ನೀರು ಬಂದು, ನೀನು ಬರದೇ ಹೋಗಿದ್ದರೆ ಆ ನೀರನ್ನ ತಗೊಂಡು ನಾನು ಏನು ಮಾಡಬೇಕಿತ್ತು? ತಾ ಇಲ್ಲಿ, ಕೊಡು.”

ದುಂಡಿಯ ಕಣ್ಣು ತೆರೆಯಿತು. ಸಿಹಿನೀರಲ್ಲಿ ನೆನೆದ ಬೆಳ್ಳನೆಯ ಬೇರೊಂದು ಹೊರಗೆ ಬಂದು ಮರಳಿಗೆ ಇಳಿಯಿತು. ನಡುಗಡ್ಡೆ ಹುಟ್ಟಿದ ಮೇಲೆ ಮೊದಲ ಸಲ ಸಿಹಿನೀರಿನ ರುಚಿ ಕಂಡಿತು. ಬೇರಿನ ಹಿಂದೆ ಇನ್ನೊಂದು ಬೇರು, ಅದರ ಹಿಂದೆ ಮತ್ತೊಂದು. ಎಲ್ಲವೂ ಮರಳನ್ನು ಬಿಗಿಯಾಗಿ ಹಿಡಿದುಕೊಂಡವು.

ಮಳೆಗಾಲದ ದೊಡ್ಡ ಅಲೆ ಬಂದೇ ಬಂತು. ಒಂದು ಹಿಡಿ ಮರಳು ಕೀಳಲು ಕೈ ಹಾಕಿತು, ಬರಲಿಲ್ಲ. ಎರಡು ಕೈ ಹಾಕಿ ಎಳೆಯಿತು, ಆಗಲೂ ಬರಲಿಲ್ಲ. ಬರಿಗೈಲಿ ವಾಪಸ್ಸು ಹೋಯಿತು. ದುಂಡಿಯ ತಲೆಯ ಮೇಲೆ ಪುಟ್ಟದೊಂದು ಹಸಿರು ಗರಿ ಎದ್ದು ನಿಂತು, ಹೋಗುವ ಅಲೆಗೆ ಟಾಟಾ ಮಾಡಿತು!

ಆ ಗರಿ ಬೆಳೆದು ಮರವಾಯಿತು. ಮರದ ತುಂಬ ಕಾಯಿಗಳಾದವು, ಆ ಕಾಯಿಗಳು ಕಡಲ ದಾರಿ ಹಿಡಿದು ಲೋಕದ ದಡದಡಕ್ಕೂ ಹೋದವು. ಹೊರಡುವ ಮುಂಚೆ ಪ್ರತಿಯೊಂದಕ್ಕೂ ದುಂಡಿಯಮ್ಮ ಒಂದೇ ಮಾತು ಹೇಳುತ್ತಿದ್ದಳಂತೆ: “ದಾರಿಯಲ್ಲಿ ನೀನೂ ಕುಡಿ.”

ಇನ್ನೂ ಹೊರಡದ ಕಾಯಿಯೇ ಎಳನೀರು. ಅದರಲ್ಲಿ ಇವತ್ತಿಗೂ ಅಂಚಿನವರೆಗೂ ನೀರು, ಎಷ್ಟು ಅಲ್ಲಾಡಿಸಿದರೂ ಸದ್ದು ಮಾಡುವುದಿಲ್ಲ. ಹೊರಡಲು ತಯಾರಾದ ಬಲಿತ ಕಾಯಿ ಆ ಮಾತು ನೆನೆದು ಮೊದಲೇ ಕುಡಿಯತೊಡಗಿ, ಮೈತುಂಬ ಬಿಳಿ ತಿರುಳು ಕಟ್ಟಿಕೊಂಡು ಅರ್ಧ ಖಾಲಿಯಾಗಿರುತ್ತದೆ. ಆದರೂ ಅದನ್ನು ಎಂಜಲು ಅನ್ನುವವರಿಲ್ಲ, ದೇವರ ಮುಂದೆ ಒಡೆಯುವುದೂ ಅದನ್ನೇ. ಅಂಗಡಿಯಲ್ಲಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗಿನಿಂದ ಗುಳುಕ್ ಅನ್ನುತ್ತದಲ್ಲ, ಅದು ದುಂಡಿ ಕುಡಿದು ಖಾಲಿ ಮಾಡಿದ ಜಾಗದಲ್ಲಿ ಅವಳು ಉಳಿಸಿಕೊಂಡ ನೀರು ಕುಣಿಯುವ ಸದ್ದು.