ದಪ್ಪ ಆಯಿಲು, ಮೀನುಮರಿಗಳು

“ಮೇಸ್ತ್ರಿ, ಇಂಜಿನಿನ ಸದ್ದು ನಿಂತಿತು ಅಂದರೆ ಇಂಜಿನು ಸರಿಯಾಯಿತು ಅಂತಲೇ ಅಲ್ಲವಾ?”

ತಿಪ್ಪೇರುದ್ರ ಹೀಗೆ ಕೇಳಿದಾಗ ಗ್ಯಾರೇಜಿನಲ್ಲಿ ಮಧ್ಯಾಹ್ನದ ಊಟದ ಹೊತ್ತು ಮುಗಿದಿತ್ತು. ಮೇಸ್ತ್ರಿ ಉಂಡಿದ್ದರು. ತಿಪ್ಪೇರುದ್ರ ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

ಹೊಸಪೇಟೆಯ ಹೊರಗೆ, ಬಳ್ಳಾರಿ ರಸ್ತೆಯಲ್ಲಿರುವ ಆ ಗ್ಯಾರೇಜು ಗಾದಿಲಿಂಗಪ್ಪ ಮೇಸ್ತ್ರಿಯದು. ತಿಪ್ಪೇರುದ್ರ ಮೂರು ವರ್ಷದಿಂದ ಅವರ ಶಿಷ್ಯ. ಮದುವೆಯಾಗಿ, ಮಗಳಿಗೆ ಶಾಲೆಯ ವಯಸ್ಸು ಬಂದ ಮೇಲೆ ಕೆಲಸ ಕಲಿಯಲು ಬಂದವನು. ಪ್ರಶ್ನೆ ಕೇಳುವಾಗ ಅವನ ಕಣ್ಣು ಮೇಸ್ತ್ರಿಯ ಮೇಲಿರಲಿಲ್ಲ. ಬೇವಿನ ಮರದ ಕೆಳಗೆ ನಿಂತಿದ್ದ ಕಪ್ಪು ಗಾಡಿಯ ಮೇಲಿತ್ತು.

ಆ ಗಾಡಿ ಎರ್ರಿಸ್ವಾಮಿ ಎಂಬವರದು. ಹೊರದೇಶದಲ್ಲಿ ತಯಾರಾದದ್ದು, ಎಂಟು ಸಿಲಿಂಡರಿನದು. ಗಣಿ ಕೆಲಸ ಜೋರಾಗಿದ್ದ ಕಾಲದಲ್ಲಿ ಯಾರೋ ಧಣಿ ತರಿಸಿಕೊಂಡಿದ್ದನ್ನು ಎರ್ರಿಸ್ವಾಮಿ ಹಳತಾದ ಮೇಲೆ ಕೊಂಡಿದ್ದರು. ಇವತ್ತು ಸಂಜೆ ಅವರು ಚಳ್ಳಕೆರೆಗೆ ಹೋಗಿ, ತುಂಬು ಬಸುರಿ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತರುವವರಿದ್ದರು. ಮೂರು ದಿನದಿಂದ ಇಂಜಿನಿನಲ್ಲಿ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು. ನಿನ್ನೆ ಮೇಸ್ತ್ರಿ ಕೊಪ್ಪಳಕ್ಕೆ ಹೋಗಿದ್ದಾಗ ತಿಪ್ಪೇರುದ್ರ ಯಾರಿಗೂ ಹೇಳದೆ ಹಳೆಯ ಆಯಿಲನ್ನು ಇಳಿಸಿ, ಲಾರಿಗೆ ಹಾಕುವ ದಪ್ಪ ಆಯಿಲನ್ನು ತುಂಬಿದ್ದ. ಸದ್ದು ನಿಂತಿತು. ಗಾಡಿ ರೆಡಿ ಎಂದು ಎರ್ರಿಸ್ವಾಮಿಗೆ ಫೋನು ಮಾಡಿದ್ದ. ಆದರೆ ಒಳಗಿನ ರೋಗ ಏನೆಂದು ಅವನಿಗೆ ಗೊತ್ತಿರಲಿಲ್ಲ. ಸದ್ದು ನಿಲ್ಲಿಸಿದ್ದು ಮಾತ್ರ ಗೊತ್ತಿತ್ತು.

ಮೇಸ್ತ್ರಿ ಮೂಲೆಯಲ್ಲಿದ್ದ ನೀಲಿ ಡಬ್ಬವನ್ನು ತೋರಿಸಿದರು.

“ಅದರ ಮೇಲೆ ಕೂತ್ಕೋ. ಒಂದು ಕತೆ ಹೇಳ್ತೀನಿ. ನನಗೆ ಕತೆ ಹೇಳೋಕೆ ಬರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ನಡುನಡುವೆ ಬಿಡಿಸಿ ಬಿಡಿಸಿ ಹೇಳ್ತೀನಿ. ಬೇಜಾರಾದರೂ ಕೇಳು. ತಪ್ಪು ತಿಳಿಬೇಡ.”

ತಿಪ್ಪೇರುದ್ರ ಕುಳಿತ. ಮೇಸ್ತ್ರಿ ಹೇಳಿದ ಕತೆ ಇದು.

ಒಬ್ಬ ವ್ಯಾಪಾರಿಯಿದ್ದ. ಅವನದು ಮೀನುಮರಿಗಳ ವ್ಯಾಪಾರ. ಅಣೆಕಟ್ಟೆಯ ಕಡೆಯಿಂದ ಮರಿಗಳನ್ನು ಕೊಂಡು, ನೀರು ಮತ್ತು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ದೂರದ ಕೆರೆಗಳಿಗೆ ಒಯ್ದು ಬಿಡುತ್ತಿದ್ದ. ಚೀಲದ ಬಾಯಿ ಕಟ್ಟಿದ ಹತ್ತು ಗಂಟೆಯೊಳಗೆ ಮರಿಗಳು ಕೆರೆ ಸೇರಬೇಕು. ತಡವಾದರೆ ಚೀಲದಲ್ಲೇ ಸಾಯುತ್ತವೆ.

“ಗಾಳಿ ಅಂದರೆ ಬರೀ ಗಾಳಿಯಲ್ಲ, ಆಕ್ಸಿಜನ್ನು,” ಎಂದು ಮೇಸ್ತ್ರಿ ತಿದ್ದಿದರು.

ವ್ಯಾಪಾರಿಯ ಗಾಡಿಯ ಇಂಜಿನಿಗೆ ಎಂಟು ಸಿಲಿಂಡರು. ಏರು ಬಂದಾಗ ಎಂಟೂ ದುಡಿಯುತ್ತವೆ. ಸಮತಟ್ಟು ರಸ್ತೆಯಲ್ಲಿ ಹಗುರವಾಗಿ ಹೋಗುವಾಗ ನಾಲ್ಕು ದುಡಿಯುತ್ತವೆ, ನಾಲ್ಕು ಮಲಗುತ್ತವೆ. ಪೆಟ್ರೋಲು ಉಳಿಯಲಿ ಎಂದು ಇಂಜಿನು ಕಟ್ಟಿದವರು ಮಾಡಿದ ಉಪಾಯ ಅದು.

“ಹೆಂಗಂದರೆ, ಎಂಟು ಜನ ಹಮಾಲರು ಇದಾರೆ ಅಂದ್ಕೋ. ಹೊರೆ ಹಗುರ ಇದ್ದಾಗ ನಾಲ್ವರಿಗೆ ‘ಮಲಗ್ರಪ್ಪ’ ಅಂತಾರೆ. ಹೊರೆ ಹೆಚ್ಚಾದ ಕೂಡಲೇ ‘ಏಳ್ರಿ’ ಅಂತಾರೆ. ಅವರು ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಎದ್ದು ಭುಜ ಕೊಡಬೇಕು.”

“ಮೇಸ್ತ್ರಿ, ಇದು ಹಮಾಲರ ಕತೆಯೋ ಮೀನಿಂದೋ?”

“ಇಂಜಿನಿಂದು. ಸುಮ್ನೆ ಕೇಳು.”

ಮಲಗಿಸುವುದೂ ಎಬ್ಬಿಸುವುದೂ ಲಿಫ್ಟರಿನ ಕೆಲಸ. ಲಿಫ್ಟರೆಂದರೆ ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ಕೊಳವೆ. ಕ್ಯಾಮು ಎಂಬ ತಿರುಗುವ ದಂಡದ ಉಬ್ಬು ಅದನ್ನು ಕೆಳಗಿನಿಂದ ಎತ್ತುತ್ತದೆ, ಅದು ಸಿಲಿಂಡರಿನ ಬಾಗಿಲಾದ ವಾಲ್ವನ್ನು ತೆರೆಸುತ್ತದೆ. ಮಲಗುವ ಸಿಲಿಂಡರುಗಳ ಲಿಫ್ಟರಿನೊಳಗೆ ಒಂದು ಸಣ್ಣ ಪಿನ್ನಿರುತ್ತದೆ. ಆಯಿಲಿನ ಒತ್ತಡ ಬಂದರೆ ಪಿನ್ನು ಒಳಗೆ ಸರಿಯುತ್ತದೆ, ಲಿಫ್ಟರು ತನ್ನೊಳಗೇ ಕುಸಿಯುತ್ತದೆ, ವಾಲ್ವು ಮುಚ್ಚಿಯೇ ಇರುತ್ತದೆ. ಇದು ಮಲಗುವುದು. ಒತ್ತಡ ಇಳಿದರೆ ಸ್ಪ್ರಿಂಗು ಪಿನ್ನನ್ನು ಮತ್ತೆ ಹೊರಗೆ ತಳ್ಳುತ್ತದೆ, ಲಿಫ್ಟರು ಗಟ್ಟಿಯಾಗುತ್ತದೆ. ಇದು ಏಳುವುದು. ಮಲಗು, ಏಳು ಎಂಬ ಎರಡು ಮಾತನ್ನೂ ಹೊತ್ತು ತರುವುದು ಆಯಿಲು. ಅದು ಬರುವ ದಾರಿ ಬಹಳ ಸಣ್ಣದು.

ಒಂದು ದಿನ ವ್ಯಾಪಾರಿಯ ಇಂಜಿನಿನಲ್ಲಿ ಸದ್ದು ಬಂತು. ಅವನು ಒಬ್ಬ ಮೆಕ್ಯಾನಿಕ್ಕಿನ ಬಳಿ ಹೋದ. ಮೆಕ್ಯಾನಿಕ್ಕು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೆ ಆನಿಸಿ, ಹಿಡಿಗೆ ಕಿವಿ ಕೊಟ್ಟು ಕೇಳಿದ. ಎಡಗಡೆಯ ಒಂದು ಲಿಫ್ಟರು ಬಡಿಯುತ್ತಿತ್ತು.

“ನಾಳೆ ಎರಡು ಲಕ್ಷ ಮರಿ ಹೋಗಬೇಕು,” ಎಂದ ವ್ಯಾಪಾರಿ. “ಏನಾದರೂ ಮಾಡಿ ಈ ಸದ್ದು ನಿಲ್ಲಿಸು.”

“ಅಷ್ಟೇ ತಾನೆ?” ಎಂದ ಮೆಕ್ಯಾನಿಕ್ಕು.

ಅವನು ತೆಳು ಆಯಿಲನ್ನು ಇಳಿಸಿ ದಪ್ಪ ಆಯಿಲನ್ನು ತುಂಬಿದ. ಹಳೆಯ ಲಾರಿ, ಟ್ರ್ಯಾಕ್ಟರುಗಳಿಗೆಲ್ಲ ಅವನು ಹಾಗೆಯೇ ಮಾಡುತ್ತಿದ್ದ, ಅವುಗಳಲ್ಲಿ ಅದು ನಡೆದುಹೋಗುತ್ತಿತ್ತು. ಇಲ್ಲೂ ಸದ್ದು ನಿಂತಿತು. ಅವನು ಗ್ಯಾರೇಜಿನಲ್ಲಿ ನಿಂತಲ್ಲೇ ಇಂಜಿನನ್ನು ಜೋರಾಗಿ ಓಡಿಸಿ ನೋಡಿದ. ಗುಡ್ಡದ ಏರಿಗೆ ಹತ್ತಿಸಿ ನೋಡಿದ. ಒಂದು ಕುಂದೂ ಕಾಣಲಿಲ್ಲ.

ತಿಪ್ಪೇರುದ್ರ ಕುಳಿತಲ್ಲೇ ಸ್ವಲ್ಪ ಸರಿದ. ನಿನ್ನೆ ಅವನೂ ಹಾಗೆಯೇ ಪರೀಕ್ಷೆ ಮಾಡಿದ್ದ.

“ಯಾಕೆ ಕಾಣಲಿಲ್ಲ ಹೇಳು? ನಿಂತಾಗಲೂ ಎಂಟು ಎಚ್ಚರವಾಗಿರ್ತವೆ, ಏರಿನಲ್ಲೂ ಎಂಟು ಎಚ್ಚರವಾಗಿರ್ತವೆ. ಮಲಗಿಸಿ ಎಬ್ಬಿಸಿದರೆ ತಾನೆ ಏಳಲಾರದವನು ಯಾರು ಅಂತ ತಿಳಿಯೋದು? ಸಮ ರಸ್ತೆಯಲ್ಲಿ, ಹಗುರ ಕಾಲಲ್ಲಿ, ಅವನು ಓಡಿಸಿ ನೋಡಲೇ ಇಲ್ಲ.”

ಮರುದಿನ ವ್ಯಾಪಾರಿ ಚೀಲಗಳನ್ನು ತುಂಬಿಕೊಂಡು ಹೊರಟ. ಬಯಲು ನಾಡಿನ ರಸ್ತೆ, ಗೆರೆ ಎಳೆದ ಹಾಗಿತ್ತು. ನಾಲ್ಕು ಸಿಲಿಂಡರು ಮಲಗಿದವು. ಎಂಟು ಗಂಟೆಯ ಹಾದಿ ಕಳೆದ ಮೇಲೆ ಒಂದು ಸಣ್ಣ ಏರು ಬಂತು. ಅವನು ಕಾಲು ಒತ್ತಿದ. ಮೂರು ಎದ್ದವು. ಒಂದು ಏಳಲಿಲ್ಲ. ದಪ್ಪ ಆಯಿಲು ಆ ಸಣ್ಣ ದಾರಿಯಲ್ಲಿ ಹೋದಷ್ಟು ಬೇಗ ಹಿಂದೆ ಬರಲಿಲ್ಲ, ಪಿನ್ನು ಅರ್ಧಕ್ಕೇ ಸಿಕ್ಕಿಕೊಂಡಿತು. ಇಂಜಿನು ನಡುಗಿತು, ಕಬ್ಬಿಣಕ್ಕೆ ಸುತ್ತಿಗೆ ಹೊಡೆದಂತೆ ಬಡಿಯಿತು, ನಿಂತಿತು.

ವ್ಯಾಪಾರಿ ರಸ್ತೆಯಲ್ಲಿ ನಿಂತ. ಮರಿಗಳಿಗೆ ಉಳಿದದ್ದು ಎರಡು ಗಂಟೆ. ಕೆರೆಗೆ ಇನ್ನೂ ಎಪ್ಪತ್ತು ಮೈಲಿ. ಪಕ್ಕದ ಹೊಲದಿಂದ ಒಬ್ಬ ರೈತ ಬಂದ. ಏನೆಂದು ಕೇಳಿದ. ಕೇಳಿ, ತನ್ನ ಹೊಲದ ಹೊಂಡವನ್ನು ತೋರಿಸಿದ. ಇಬ್ಬರೂ ಚೀಲಗಳನ್ನು ಹೊತ್ತು ತಂದು, ಬಾಯಿ ಬಿಚ್ಚದೆ ಹಾಗೆಯೇ ನೀರಿನ ಮೇಲೆ ತೇಲಬಿಟ್ಟರು.

“ಯಾಕೆ ಬಿಚ್ಚಲಿಲ್ಲ ಅಂದರೆ, ಚೀಲದ ನೀರು ಬಿಸಿ, ಹೊಂಡದ ನೀರು ತಂಪು. ಎರಡೂ ಸಮ ಆಗೋವರೆಗೆ ಕಾಯಬೇಕು. ಅವಸರ ಮಾಡಿದರೆ ಮರಿ ಸಾಯ್ತವೆ.”

ಅರ್ಧ ಗಂಟೆಯಾದ ಮೇಲೆ ಬಾಯಿ ಬಿಚ್ಚಿದರು. ಮರಿಗಳು ಹೊರಗೆ ಬಂದವು, ಒಂದು ಸುತ್ತು ಸುತ್ತಿದವು, ಆಳಕ್ಕೆ ಇಳಿದವು. ವ್ಯಾಪಾರಿ ಹೊಂಡದ ಏರಿಯ ಮೇಲೆ ಕುಸಿದು ಕುಳಿತು ಉಸಿರು ಬಿಟ್ಟ.

“ಉಳಿದವಾ?” ತಿಪ್ಪೇರುದ್ರ ಕೇಳಿದ.

“ಉಳಿದವು. ಒಂದೂ ಸಾಯಲಿಲ್ಲ ಅಂದರೆ ಸುಳ್ಳಾಗ್ತದೆ. ಬಹುಪಾಲು ಉಳಿದವು.”

ಗಾಡಿಯನ್ನು ಎಳೆದು ತಂದರು. ಮೆಕ್ಯಾನಿಕ್ಕು ಇಂಜಿನನ್ನು ಬಿಚ್ಚಿದ. ಪಿನ್ನಿನ ಸುತ್ತ ಕಪ್ಪು ಮಡ್ಡಿ ಕೂತಿತ್ತು. ಲಿಫ್ಟರಿನ ತುದಿಯ ಉರುಳೆ ತಿರುಗದೆ ಕ್ಯಾಮಿನ ಉಬ್ಬನ್ನು ಕೆರೆದುಹಾಕಿತ್ತು. ಉಗುರು ಆಡಿಸಿದರೆ ಗೀರು ತಾಗುತ್ತಿತ್ತು. ಈ ಸಲ ಅವನು ಅವಸರ ಮಾಡಲಿಲ್ಲ. ಕೆಟ್ಟ ಒಂದನ್ನೇ ಬದಲಿಸಲಿಲ್ಲ, ಎಲ್ಲ ಲಿಫ್ಟರುಗಳನ್ನೂ ಅವನ್ನು ನೆಟ್ಟಗೆ ಹಿಡಿಯುವ ಗೂಡುಗಳನ್ನೂ ಬದಲಿಸಿದ. ಕ್ಯಾಮು ಹೊಸದು ಹಾಕಿದ. ಆಯಿಲಿನ ದಾರಿಗಳನ್ನೆಲ್ಲ ತೊಳೆದ. ಗಾಡಿಯ ಪುಸ್ತಕದಲ್ಲಿ ಹೇಳಿದ ತೆಳು ಆಯಿಲನ್ನೇ ತುಂಬಿದ. ಆಮೇಲೆ ಸಮ ರಸ್ತೆಗೆ ಒಯ್ದು, ಮಲಗಿಸಿ ಎಬ್ಬಿಸಿ, ನೂರು ಸಲ ನೋಡಿದ. ನೂರು ಸಲವೂ ನಾಲ್ಕೂ ಎದ್ದವು.

ತಿಪ್ಪೇರುದ್ರನಿಗೆ ಇನ್ನು ತಡೆಯಲಾಗಲಿಲ್ಲ. ಸಂಜೆಯ ರಸ್ತೆ ಕಣ್ಣ ಮುಂದೆ ಬಂತು. ಚಳ್ಳಕೆರೆಯ ದಾರಿಯೂ ಬಯಲೇ. ಅಲ್ಲಿ ಗಾಡಿ ನಿಂತರೆ ಬಸುರಿಯನ್ನು ಯಾವ ಹೊಂಡದಲ್ಲಿ ಇಳಿಸುವುದು?

“ಮೇಸ್ತ್ರಿ, ನಾನು ನಿನ್ನೆ...”

“ತಾಳು, ಇನ್ನೂ ಮುಗಿದಿಲ್ಲ,” ಎಂದು ಮೇಸ್ತ್ರಿ ಕೈ ಎತ್ತಿದರು. “ಹಿಂಗಾಗದಂಗೆ ನೋಡ್ಕೊಳ್ಳೋದು ಹೆಂಗೆ ಅಂತ ಹೇಳಬೇಕಲ್ಲ. ಹತ್ತು ಸಾವಿರಕ್ಕೆ ಬದಲಿಸೋ ಆಯಿಲನ್ನ ಐದು ಸಾವಿರ ಕಿಲೋಮೀಟರಿಗೇ ಬದಲಿಸು. ನಿಂತಲ್ಲೇ ಗಂಟೆಗಟ್ಟಲೆ ಇಂಜಿನು ಓಡಿಸಬೇಡ. ನಾಲ್ಕನ್ನ ಮಲಗಿಸಲೇಬೇಡ ಅಂತ ಇಂಜಿನಿಗೆ ಹೇಳೋ ಒಂದು ಸಣ್ಣ ಪೆಟ್ಟಿಗೆಯೂ ಸಿಗ್ತದೆ. ಬೇಕಾದವರು ಹಾಕಿಸ್ಕೋತಾರೆ. ಎಲ್ಲಕ್ಕಿಂತ ಮುಖ್ಯ, ಸದ್ದು ಬಂದರೆ ಅದರ ಬಾಯಿ ಮುಚ್ಚಬೇಡ, ಅದು ಏನು ಹೇಳ್ತಿದೆ ಕೇಳು. ಇನ್ನೊಂದು, ಇಂಜಿನಿನ ಅಳತೆ ಕಡ್ಡಿ ಎಳೆದು ಆಯಿಲು ನೋಡೋದು. ನಾನು ದಿನಾ ಬೆಳಿಗ್ಗೆ ಬಂದ ಕೂಡಲೇ ಇಲ್ಲಿರೋ ಒಂದೊಂದು ಗಾಡಿಯ ಕಡ್ಡಿಯನ್ನೂ ಎಳೆದು, ಬೆರಳಲ್ಲಿ ಉಜ್ಜಿ ನೋಡ್ತೀನಿ. ಯಾಕೆ ನೋಡ್ತೀನಿ ಅಂದರೆ, ತೆಳು ಆಯಿಲಾದರೆ ಬೆರಳಲ್ಲಿ...”

“ಮೇಸ್ತ್ರಿ, ಇದೀರಾ?” ಹೊರಗಿನಿಂದ ಎರ್ರಿಸ್ವಾಮಿಯ ದನಿ. ಅವರು ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು.

“ಬಂದೆ ಸ್ವಾಮಿ. ನಿಮ್ಮ ಗಾಡಿ ಇನ್ನೊಂದು ವಾರ ಇಲ್ಲೇ ಇರ್ತದೆ, ಬಿಚ್ಚಬೇಕು. ನನ್ನ ಕಾರು ತೊಳೆದು ನಿಲ್ಲಿಸಿದೀನಿ. ಅದರಲ್ಲೇ ಹೋಗಿ ಮಗಳನ್ನ ಕರ್ಕೊಂಡು ಬನ್ನಿ.”

ಹೇಳಬೇಕೆಂದಿದ್ದ ಮಾತನ್ನು ಹೇಳಲು ತಿಪ್ಪೇರುದ್ರ ಮತ್ತೆ ಬಾಯಿ ತೆರೆದ.

ಮೇಸ್ತ್ರಿ ಕಾರಿನ ಕೀಲಿ ಕೈಗೆತ್ತಿಕೊಂಡು, ಬಾಗಿಲಿನಲ್ಲಿ ತಿರುಗಿ ನೋಡಿದರು.

“ನೀನು ಕೂತಿರೋದು ನಿನ್ನೆ ನೀನೇ ಹಾಕಿದ ಆಯಿಲಿನ ಡಬ್ಬದ ಮೇಲೆ, ಎದ್ದಾಗ ಮುಚ್ಚಳ ಬಿಗಿ ಮಾಡು.”

ತಿಪ್ಪೇರುದ್ರ ಎದ್ದು ನೀಲಿ ಡಬ್ಬದ ಮುಚ್ಚಳವನ್ನು ಬಿಗಿ ಮಾಡಿದ.