ಬತ್ತಿದ ಎಮ್ಮೆ ಮತ್ತು ಎರಡು ಗೆರೆ

ತೊರೆನಾಡು ಅಂತ ಒಂದು ರಾಜ್ಯ ಇತ್ತು ಕಣ್ರಪ್ಪಾ. ದೊಡ್ಡ ರಾಜ್ಯವೇನಲ್ಲ. ಬೆಳಿಗ್ಗೆ ಹೊರಟರೆ ಸಂಜೆಗೆ ಆ ಕೊನೆ ಮುಟ್ಟಬಹುದಿತ್ತು. ಆದರೂ ಅಲ್ಲಿಯವರು ಎದೆಯುಬ್ಬಿಸಿಕೊಂಡು ನಡೀತಿದ್ದರು. ಯಾಕೆ ಗೊತ್ತೇನು? ಅವರ ಹತ್ತಿರ ಒಂದು ಗೆರೆ ಇತ್ತು.

ಏಯ್, ನಗಬೇಡ್ರೋ! ಮೊದಲು ಕೇಳಿ.

ಆ ರಾಜ್ಯದಲ್ಲಿ ಯಾರಿಂದಾದರೂ ನಿಮಗೆ ಬರಬೇಕಾದ್ದು ಬಂದಿಲ್ಲ ಅನ್ನಿ. ನೀವು ಹೋಗಿ ಅವನ ಸುತ್ತ ನೆಲದ ಮೇಲೆ ಒಂದು ಗೆರೆ ಎಳೀಬೇಕು. "ದೊರೆಯ ಆಣೆ" ಅನ್ನಬೇಕು. ಅಷ್ಟೇ. ನ್ಯಾಯ ತೀರೋವರೆಗೂ ಅವನು ಆ ಗೆರೆ ದಾಟೋ ಹಾಗಿಲ್ಲ. ಗೆರೆ ಎಳೆದವರೇ ಅದನ್ನ ಅಳಿಸಬೇಕು. ಬೇಡಿ ಬೇಡ, ಸೆರೆಮನೆ ಬೇಡ, ಒಂದು ಗೆರೆ ಸಾಕಾಗಿತ್ತು ಆ ಜನಕ್ಕೆ.

ಅಲ್ಲಿ ಕೆಂಪರಾಯ ಅಂತ ಒಬ್ಬ ಎಮ್ಮೆ ವ್ಯಾಪಾರಿ ಇದ್ದ. ದೊರೆಯ ತಂಗಿಯನ್ನೇ ಮದುವೆ ಆಗಿದ್ದ. ರಾಜನ ತಂಗಿ ಎಮ್ಮೆ ವ್ಯಾಪಾರಿ ಮನೇಗೆ ಹೋಗ್ತಾಳಾ ಅಂತ ಕೇಳಬೇಡಿ, ಆ ಕಾಲದ ರಾಜರು ಅಂಥವರೇ. ಕೆಂಪರಾಯನಿಗೆ ಮಾತ್ರ ನೆಂಟಸ್ತಿಕೆ ತಲೆಗೇರಿತ್ತು. ಅರ್ಧ ಹಣ ಮೊದಲೇ ಇಸ್ಕೊಂಡು ಎಮ್ಮೆ ಕೊಡೋನು, ಉಳಿದರ್ಧಕ್ಕೆ ಬಡವರ ಸುತ್ತ ಗೆರೆ ಎಳೆಯೋನು.

ಅದೇ ಊರಲ್ಲಿ ಸಣ್ಣೀರಮ್ಮ ಅಂತ ಒಬ್ಬ ಅಜ್ಜಿ ಇದ್ದಳು. ಅವಳ ಮಗಳು ಹೆರಿಗೆಯಲ್ಲಿ ತೀರಿಕೊಂಡಳು ಪಾಪ. ಕೈಗೂಸು ಉಳೀತು. ಪಕ್ಕದ ಮನೆ ಬಾಣಂತಿ ಪುಣ್ಯಾತಗಿತ್ತಿ, ತನ್ನ ಮಗುವಿನ ಜೊತೆ ಇದಕ್ಕೂ ಒಂದಿಷ್ಟು ಹಾಲೂಡಿಸ್ತಿದ್ದಳು. ಆದರೆ ಅವಳ ಹಾಲು ಅವಳ ಮಗುವಿಗೇ ಸಾಲದು. ಕೂಸು ದಿನದಿನಕ್ಕೂ ಸೊರಗ್ತಾ ಬಂತು. ಅಜ್ಜಿ ಕಿವಿಯೋಲೆ ಮಾರಿದಳು, ಕೆಂಪರಾಯನ ಹತ್ತಿರ ಹೋದಳು.

"ಹಾಲು ಎಷ್ಟು ಕೊಡುತ್ತೆ ರಾಯರೇ?"

"ಹೊತ್ತಿಗೆ ಎರಡು ಚೊಂಬು. ಕೆಚ್ಚಲು ನೋಡಮ್ಮ, ನೆಲ ಮುಟ್ಟೋ ಹಾಗಿದೆ!"

ಕೆಚ್ಚಲೇನೋ ತುಂಬಿತ್ತು. ಅಜ್ಜಿ ಅರ್ಧ ಹಣ ಕೊಟ್ಟು ಎಮ್ಮೆ ಹೊಡ್ಕೊಂಡು ಬಂದಳು. ಮೊದಲ ದಿನ ಒಂದು ಚೊಂಬು ಸಿಕ್ಕಿತು. ಎರಡನೇ ದಿನ ಒಂದು ಲೋಟ. ಮೂರನೇ ದಿನ ಎಮ್ಮೆ ಒದೀತು, ಅಷ್ಟೇ ಸಿಕ್ಕಿದ್ದು.

ಅಜ್ಜಿ ಓಡಿಹೋಗಿ ಕೇಳಿದಳು. "ಹಗ್ಗ ನಿನ್ನ ಕೈಗೆ ಕೊಟ್ಟಾಯ್ತು, ಇನ್ನು ಎಮ್ಮೆ ನಿಂದು, ಹಣೆಬರಹಾನೂ ನಿಂದು. ಉಳಿದ ಹಣ ಯಾವಾಗ ಕೊಡ್ತೀ?" ಅಂದ ಆ ಮಹಾನುಭಾವ. ಕೇಳಿ ನನಗೇ ಮೈ ಉರಿಯುತ್ತೆ, ಆ ಅಜ್ಜಿಗೆ ಹೇಗಾಗಿರಬೇಡ!

ವಾರ ಕಳೀತು. ಕೆಂಪರಾಯ ಊರುಗೋಲು ಹಿಡ್ಕೊಂಡು ಅಜ್ಜಿ ಅಂಗಳಕ್ಕೇ ಬಂದ. ಅವಳು ಎಮ್ಮೆಗೆ ಹುಲ್ಲು ಹಾಕ್ತಿದ್ದಳು. ಸರ್ರಂತ ಅವಳ ಸುತ್ತ ಗೆರೆ ಎಳೆದುಬಿಟ್ಟ. "ದೊರೆಯ ಆಣೆ! ಹಣ ಕೊಡೋವರೆಗೂ ಕದಲಬೇಡ!"

ಒಳಗೆ ಕೂಸು ಅಳೋಕೆ ಶುರು ಮಾಡಿತು. ಅಜ್ಜಿಯ ಕಾಲು ತಾನಾಗೇ ಮುಂದೆ ಹೋಯ್ತು. ಗೆರೆ ಹತ್ತಿರ ನಿಂತುಬಿಡ್ತು. ಪಕ್ಕದ ಮನೆ ಬಾಣಂತಿ ಓಡಿಬಂದು ಕೂಸನ್ನ ಎತ್ತಿಕೊಂಡಳು. ಊರೆಲ್ಲ ಬೇಲಿ ಹತ್ತಿರ ಸೇರಿತು.

ಅಜ್ಜಿ ಸುತ್ತ ಕಣ್ಣಾಡಿಸಿದಳು. ಪಕ್ಕದಲ್ಲೇ ಬಟ್ಟೆ ಒಣಹಾಕೋ ಉದ್ದನೆ ಗಳ ಒರಗಿತ್ತು. ನಿಂತಲ್ಲಿಂದಲೇ ಕೈ ಚಾಚಿ ತಗೊಂಡಳು. ಗಳದ ತುದಿಯನ್ನ ನೆಲಕ್ಕೆ ಒತ್ತಿ, ಕೆಂಪರಾಯನನ್ನೂ ಎಮ್ಮೆಯನ್ನೂ ಸೇರಿಸಿ ಒಂದು ಸುತ್ತು ಎಳೆದಳು.

"ದೊರೆಯ ಆಣೆ!" ಅಂದಳು.

"ಥೂ ಮುದುಕಿ! ಸಾಲ ಮಾಡಿದವಳು ಗೆರೆ ಎಳೆಯೋದುಂಟಾ?"

"ಬರಬೇಕಾದ್ದು ಇದ್ದವರು ಎಳೀಬಹುದು ಅಲ್ವಾ ರಾಯರೇ? ನಿಮಗೆ ಹಣ ಬರಬೇಕು. ನನಗೆ ಹಾಲು ಬರಬೇಕು."

ಜನ ಮುಖ ಮುಖ ನೋಡಿಕೊಂಡರು. ಹೌದಲ್ಲ! ಇಷ್ಟು ದಿನ ಯಾರಿಗೂ ಹೊಳೆದೇ ಇರಲಿಲ್ಲ.

ಸುದ್ದಿ ಅರಮನೆಗೆ ಹೋಯ್ತು. ದೊರೆ ತಾನೇ ಬಂದ. "ಭಾವ, ಬಂದ್ರಾ! ಈ ಗೆರೆ ಅಳಿಸಿ, ಮರ್ಯಾದೆ ಹೋಗ್ತಿದೆ" ಅಂತ ಕೆಂಪರಾಯ ಕೂಗಿದ.

ದೊರೆ ತಂಗಿಯ ಗಂಡನ ಕಡೆ ಹೆಜ್ಜೆ ಹಾಕಿದ. ಗೆರೆ ಹತ್ತಿರ ಬಂದು ಎತ್ತಿದ ಕಾಲನ್ನ ಹಿಂದಕ್ಕೆ ತಗೊಂಡ. ಆ ಕಾಲು ಹಿಂದೆ ಸರಿದದ್ದನ್ನ ತೊರೆನಾಡಿನ ಜನ ಮೊಮ್ಮಕ್ಕಳ ಕಾಲದವರೆಗೂ ಹೇಳಿಕೊಂಡು ಮೆರೆದರು ಕಣ್ರೋ.

"ಇದು ನನ್ನ ಹೆಸರಲ್ಲಿ ಎಳೆದ ಗೆರೆ ಕೆಂಪರಾಯ. ನಾನೇ ತುಳಿದರೆ ನಾಳೆ ಯಾರು ನಂಬ್ತಾರೆ? ಅಜ್ಜೀ, ನಿನಗೇನು ಬರಬೇಕು ಹೇಳು" ಅಂದ.

"ಹೊತ್ತಿಗೆ ಎರಡು ಚೊಂಬು ಅಂತ ಬಾಯಾರೆ ಹೇಳಿದಾರೆ ಮಹಾಸ್ವಾಮಿ. ಎಮ್ಮೆ ಅಲ್ಲೇ ಇದೆ. ಅವರೇ ಕರೆದು ತೋರಿಸಲಿ. ಆಗ ಗೆರೆ ಅಳಿಸ್ತೀನಿ, ಮನೆ ಮಾರಿಯಾದರೂ ಉಳಿದ ಹಣ ಕೊಡ್ತೀನಿ."

ಕೆಂಪರಾಯ ಪಂಚೆ ಎತ್ತಿ ಕಟ್ಟಿ ಕೂತ. ಎಳೆದ, ಹಿಂಡಿದ. ಚೊಂಬಿನ ತಳವೂ ಒದ್ದೆಯಾಗಲಿಲ್ಲ. "ಹಸಿದಿದೆ, ಹಿಂಡಿ ಬೇಕು" ಅಂದ. ಹಿಂಡಿ ತಂದರು. ಎಮ್ಮೆ ತಿಂತು, ಬಾಲ ಬೀಸಿ ಅವನ ಮುಖಕ್ಕೆ ಬಾರಿಸಿತು. ಹಾಲಿಲ್ಲ.

"ಕರು ಬೇಕು" ಅಂದ. ಕರು ತಂದು ಬಿಟ್ಟರು. ಕರು ಗುದ್ದಿ ಗುದ್ದಿ ನೋಡಿ, ಬೇಜಾರಾಗಿ ಹೊರಟುಹೋಯ್ತು. ಹಾಲಿಲ್ಲ.

"ಇದು ನನ್ನ ಹೆಂಡತಿ ಕೈಗೆ ಮಾತ್ರ ಹಾಲು ಬಿಡೋದು!" ಅಂದ. ದೊರೆಯ ತಂಗಿ ಬೀದಿಗೆ ಬರ್ತಾಳಾ, ಬಚಾವಾದೆ ಅಂದುಕೊಂಡ.

ಬಂದಳು! ಚೊಂಬು ಸಮೇತ ಬಂದಳು ಆ ತಾಯಿ. ಎಮ್ಮೆ ನೋಡಿದವಳೇ ಕೈಯನ್ನ ಗಲ್ಲಕ್ಕಿಟ್ಟುಕೊಂಡಳು.

"ಅಯ್ಯೋ, ಏನ್ರೀ ಇದು? ಈ ಎಮ್ಮೆ ಬತ್ತಿಹೋಯ್ತು ಅಂತ ನೀವೇ ಬೈದಿದ್ರಲ್ಲ? ಮೂರು ದಿನ ಕರೀಬೇಡ, ಕೆಚ್ಚಲು ತುಂಬಿದ ಹಾಗೆ ಕಾಣಲಿ ಅಂತ ನನಗೇ ಹೇಳಿದ್ರಲ್ಲ! ಇದನ್ನ ತಾಯಿಲ್ಲದ ಕೂಸಿನ ಮನೆಗೆ ಮಾರಿದ್ರಾ?"

ಬೇಲಿ ಆಚೆ ಜನ ನಕ್ಕಿದ್ದು ನಕ್ಕಿದ್ದೇ. ಅವಳು ಮಾತ್ರ ನಗಲಿಲ್ಲ, ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ದೊರೆ ತೀರ್ಪು ಹೇಳಿದ. ಎಮ್ಮೆ ವಾಪಸ್, ಕೊಟ್ಟ ಹಣ ವಾಪಸ್, ಬಾಕಿ ಅನ್ನೋದೇ ಇಲ್ಲ. ಕೂಸು ಅನ್ನ ಉಣ್ಣೋವರೆಗೂ ಕೆಂಪರಾಯನ ಕೊಟ್ಟಿಗೆಯ ಒಳ್ಳೇ ಕರಾವಿನ ಎಮ್ಮೆ ಅಜ್ಜಿ ಅಂಗಳದಲ್ಲಿರಬೇಕು, ಮೇವೂ ಅವನದೇ. ಅವನು ಅಲ್ಲೇ ಒಪ್ಪಿಕೊಂಡ, ಹಣವನ್ನೂ ತರಿಸಿ ಕೊಟ್ಟ. ಅಜ್ಜಿ ನಿಂತಲ್ಲಿಂದಲೇ ಗಳ ಚಾಚಿ ಅವನ ಸುತ್ತ ತಾನು ಎಳೆದಿದ್ದ ಗೆರೆ ಅಳಿಸಿದಳು.

"ಬಾ ಅಜ್ಜೀ, ಕೂಸನ್ನ ಎತ್ತಿಕೋ" ಅಂದ ದೊರೆ.

ಅಜ್ಜಿ ಕದಲಲಿಲ್ಲ. "ನನ್ನ ಸುತ್ತ ಇರೋದು ರಾಯರು ಎಳೆದ ಗೆರೆ ಮಹಾಸ್ವಾಮಿ. ಎಳೆದವರೇ ಅಳಿಸಬೇಕು."

ಕೆಂಪರಾಯ ಸುತ್ತ ನೋಡಿದ. ಊರೆಲ್ಲ ನೋಡ್ತಿತ್ತು. ಮಂಡಿಯೂರಿದ. ಹೆಗಲ ಮೇಲಿನ ಜರಿ ಶಲ್ಯ ತೆಗೆದು, ಅಜ್ಜಿಯ ಕಾಲ ಸುತ್ತ ನೆಲ ಒರೆಸಿದ. ಆಮೇಲೆ ಅಜ್ಜಿ ತಲೆ ಎತ್ತಿಕೊಂಡು ಹೊರಗೆ ಬಂದಳು, ಕೂಸನ್ನ ಎದೆಗಪ್ಪಿಕೊಂಡಳು.

ಕೇಳಿದ್ರಾ ಮಕ್ಕಳೇ? ದುಡ್ಡು ಕೊಟ್ಟು ಕೊಂಡವರು ಭಿಕ್ಷೆಗೆ ಬಂದವರಲ್ಲ. ಮಾರಿದವನು ಆಡಿದ ಮಾತು ಕೊಂಡವರಿಗೆ ಸಲ್ಲಬೇಕಾದ ಸಾಲ. ಮೈಮೇಲೆ ಸಾಲ ಇದ್ದರೂ ನ್ಯಾಯ ಕೇಳೋ ಹಕ್ಕು ಹೋಗಲ್ಲ. ಮೋಸ ಆದಾಗ ಹಣೆಬರಹ ಅಂತ ಅಳ್ತಾ ಕೂರಬೇಡಿ. ನಿಂತಲ್ಲೇ ನಿಂತು ಕೇಳಿ, ನಾಲ್ಕು ಜನರ ಎದುರಿಗೇ ಕೇಳಿ.